ಡಬ್ಬ ಒಡೆಯದ ರಿವಾಲ್ವರ್, ತಾತನ ಜೋಡಿ ನಳಿಗೆ ಕೋವಿ

ಪ್ರಶ್ನೆ: ನಾನು ಪಾಂಡವಪುರ ತಾಲೂಕಿನ ರೈತ. ತಾತನ ಕಾಲದ ಜೋಡಿ ನಳಿಗೆಯ 12 ಬೋರ್ ಕೋವಿ ಅಪ್ಪನ ನಂತರ ನನ್ನ ಲೈಸೆನ್ಸ್‌ಗೆ ಬಂದಿದೆ. ಬೆಳೆ ಕಾಯೋಕೆ ಅಂತ ತೆಗೆದ ಲೈಸೆನ್ಸ್ ಅದು. ಇನ್ನೊಂದು ಆಯುಧಕ್ಕೆ ಅವಕಾಶ ಇದೆಯಂತೆ. ಕಬ್ಬಿನ ದುಡ್ಡು ಒಂದೂವರೆ ಲಕ್ಷ ಕೈಯಲ್ಲಿದೆ. ಈಗಿನ ಹೊಸ ರಿವಾಲ್ವರ್ ಒಂದನ್ನು ತಗೊಂಡು, ಒಂದು ಗುಂಡೂ ಹಾರಿಸದೆ ಡಬ್ಬದಲ್ಲೇ ಇಟ್ಟರೆ 20 ವರ್ಷಕ್ಕೆ ಹತ್ತು ಪಟ್ಟಾಗುತ್ತೆ ಅಂತಾನೆ ನನ್ನ ಭಾವಮೈದ. ನಿಜವಾ? ಯಾವುದನ್ನು ತಗೊಳ್ಳಲಿ? ಹಾಗೇ, ಆಯುಧಪೂಜೆಗೆ ಮೊದಲು ತಾತನ ಕೋವಿಗೆ ಪಾಲಿಶ್ ಹಾಕಿಸಬೇಕು ಅಂದುಕೊಂಡಿದ್ದೇನೆ. ಎಲ್ಲಿ ಮಾಡಿಸಲಿ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೇರೆಯದಕ್ಕೆ ನಾಲ್ಕು ದಿನ ತಡವಾದರೂ ನಷ್ಟವಿಲ್ಲ, ಇದಕ್ಕೆ ಇದೆ. ಪಾಲಿಶ್ ಹಾಕಿಸಬೇಡಿ ಸ್ವಾಮಿ. ಒಣ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಸಾಕು. ಕುಂಕುಮವನ್ನೂ ಕಬ್ಬಿಣಕ್ಕೆ ಹಚ್ಚಬೇಡಿ. ಒದ್ದೆ ಕುಂಕುಮ ಒಂದು ರಾತ್ರಿ ನಿಂತರೆ ಬೆಳಗ್ಗೆ ಅಲ್ಲೊಂದು ತುಕ್ಕಿನ ಚುಕ್ಕೆ ಕೂತಿರುತ್ತೆ. ಕೋವಿಯ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಹೂವು, ಕುಂಕುಮ ಇಟ್ಟು ಪೂಜೆ ಮಾಡಿ. ದೇವಿ ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ನನ್ನದೇ ಒಂದು ತಪ್ಪು. ಮೈಸೂರಿನಲ್ಲಿ ಕೋವಿ ರಿಪೇರಿ ಮಾಡುತ್ತಾ, ಹಳೆಯವಕ್ಕೆ ಬೆಲೆ ಕಟ್ಟುತ್ತಾ ಬಂದವನು ನಾನು. ಕೆಲಸ ಕಲಿತ ಹೊಸದರಲ್ಲಿ ಮಳವಳ್ಳಿ ಕಡೆಯ ಯಜಮಾನರೊಬ್ಬರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಮಾಡಿದ ಒಂದು ಕೋವಿ ತಂದರು. ಮಗನ ಮದುವೆ ಇತ್ತು, ಮನೆಗೆ ಬರೋರ ಕಣ್ಣಿಗೆ ಪಳಪಳ ಅನ್ನಬೇಕಿತ್ತು. ನಳಿಗೆಯ ಹಿಂದಿನ ಕಬ್ಬಿಣದ ಪಟ್ಟಿಯ ಮೇಲೆ ಎರಡು ಹಕ್ಕಿಗಳ ಕೆತ್ತನೆ. ಸುತ್ತ ನೇರಳೆ, ಕಂದು, ನೀಲಿ ಬಣ್ಣದ ಮೋಡ ಕವಿದ ಹಾಗೆ ಒಂದು ಛಾಯೆ. ಅದು ಕೊಳೆ ಅಂತ ನಾನು ತಿಳಿದೆ. ಬಫ್ ಚಕ್ರಕ್ಕೆ ಹಿಡಿದೆ. ಹತ್ತು ನಿಮಿಷಕ್ಕೆ ಕನ್ನಡಿ ಆಯಿತು. ಯಜಮಾನರಿಗೂ ಖುಷಿ, ನನಗೂ ಖುಷಿ. ಕೆಲವು ವರ್ಷ ಕಳೆದು ಅದನ್ನು ಮಾರೋಕೆ ತಂದಾಗ, ಕೊಳ್ಳೋಕೆ ಬಂದವರು ಭೂತಗನ್ನಡಿ ಹಿಡಿದು ಹಕ್ಕಿಯ ರೆಕ್ಕೆ ನೋಡಿದರು. ಗರಿಯ ಗೆರೆಗಳೆಲ್ಲ ಸವೆದು ಮೊಟ್ಟೆಯಂತೆ ನುಣ್ಣಗಾಗಿತ್ತು. ಅವರು ಏನೂ ಅನ್ನದೆ ಕೋವಿಯನ್ನು ಟೇಬಲ್ ಮೇಲೆ ಇಟ್ಟು ಕಾಫಿ ಕುಡಿದು ಹೋದರು. ಆ ಬಣ್ಣದ ಮೋಡ ಕಾರ್ಖಾನೆಯಲ್ಲಿ ಕಬ್ಬಿಣವನ್ನು ಮೂಳೆ ಇದ್ದಿಲಿನ ಜೊತೆ ಕಾಯಿಸಿ ತಣ್ಣೀರಿಗೆ ಹಾಕಿ ತಂದದ್ದು. ಅದು ಹೋದರೆ ಹೋದ ಹಾಗೇ.

ಇನ್ನೊಂದು ಅಪಾಯವೂ ಇದೆ. ಜೋಡಿ ನಳಿಗೆಗಳನ್ನು, ಮಧ್ಯದ ಪಟ್ಟಿಯನ್ನು ಬೆಸೆದಿರೋದು ಸಾಮಾನ್ಯವಾಗಿ ಸೀಸ, ತವರದ ಮೆದು ಬೆಸುಗೆಯಲ್ಲಿ. ಬೀದಿ ಬದಿಯ ಪಾಲಿಶ್‌ನವರು ನಳಿಗೆಯನ್ನು ಕಬ್ಬಿಣಕ್ಕೆ ಕಪ್ಪುನೀಲಿ ಬಣ್ಣ ತರಿಸುವ ಕುದಿಯುವ ಬ್ಲೂಯಿಂಗ್ ದ್ರಾವಣದಲ್ಲಿ ಮುಳುಗಿಸಿದರೆ ಅದು ಬೆಸುಗೆಯನ್ನು ತಿನ್ನುತ್ತೆ. ನೋಡೋಕೆ ಹೊಸ ಕೋವಿ, ಒಳಗೆ ನಳಿಗೆ ಬಿಟ್ಟುಕೊಂಡಿರುತ್ತೆ.

ಈಗ ನಿಮ್ಮ ಭಾವಮೈದನ ಮಾತಿಗೆ ಬರೋಣ. ಡಬ್ಬ ಒಡೆಯದೆ ಇಡುವ ಉಪಾಯ ಹೊಸದೇನಲ್ಲ. ಅಮೆರಿಕದಲ್ಲಿ 1960ರ ದಶಕದಲ್ಲೇ ಇದು ನಡೆದು ಹೋಗಿದೆ. ವಿಂಚೆಸ್ಟರ್ ಕಂಪನಿಯವರು ತಮ್ಮ ಹಳೇ ಮಾಡೆಲ್ 94 ರೈಫಲ್‌ಗೆ ಚಿನ್ನದ ಬಣ್ಣ ಬಳಿದು, ಪದಕ ಅಂಟಿಸಿ, 'ಸ್ಮರಣಾರ್ಥ' ಅಂತ ಮಾರಿದರು. ಕಂಪನಿಯ ನೂರನೇ ವರ್ಷಕ್ಕೆ 1966ರಲ್ಲಿ ಒಂದು ತಂದರು, ಒಂದು ಲಕ್ಷಕ್ಕೂ ಜಾಸ್ತಿ ರೈಫಲ್ ಮಾರಾಟವಾದವು. ತಗೊಂಡವರೆಲ್ಲ ಮೊಮ್ಮಕ್ಕಳ ಕಾಲಕ್ಕೆ ಆಸ್ತಿ ಆಗುತ್ತೆ ಅಂತ ಡಬ್ಬದಲ್ಲೇ ಇಟ್ಟರು. ಮೊಮ್ಮಕ್ಕಳ ಕಾಲ ಬಂತು. ಲಕ್ಷ ಡಬ್ಬ ಹಾಗೇ ಇವೆ. ಎಲ್ಲರ ಮನೆಯಲ್ಲೂ ಹೊಸದಾಗೇ ಇರುವ ವಸ್ತುವಿಗೆ ಯಾರು ಜಾಸ್ತಿ ದುಡ್ಡು ಕೊಡುತ್ತಾರೆ?

ಅದೇ ಕಂಪನಿಯ ಮಾಡೆಲ್ 70 ಅನ್ನೋ ಬೇಟೆ ರೈಫಲ್ ಕಥೆ ಬೇರೆ. 1964ರಲ್ಲಿ ಖರ್ಚು ಉಳಿಸೋಕೆ ಅದನ್ನು ತಯಾರಿಸುವ ರೀತಿ ಬದಲಾಯಿಸಿದರು. ಕೈಕೆಲಸ ಕಡಿಮೆಯಾಯಿತು, ಮರದ ಕೆತ್ತನೆ ಹೋಗಿ ಒತ್ತಿದ ಅಚ್ಚು ಬಂತು. ಬೇಟೆಗಾರರಿಗೆ ಸಿಟ್ಟು ಬಂತು. ಅವತ್ತಿನಿಂದ '64ಕ್ಕೂ ಮೊದಲಿನದು' ಅನ್ನೋದೇ ಒಂದು ದರ್ಜೆ ಆಗಿಬಿಟ್ಟಿದೆ. ಅವು ಕೂಡಿಡೋಕೆ ಅಂತ ಮಾಡಿದ ರೈಫಲ್‌ಗಳಲ್ಲ. ಜನ ಮಳೆಯಲ್ಲಿ ಹೆಗಲಿಗೆ ಹಾಕಿಕೊಂಡು ಕಾಡು ಸುತ್ತಿದವು.

ನಮ್ಮ ದೇಶದ್ದೇ ಒಂದು ಉದಾಹರಣೆ ಕೇಳಿ. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯಲ್ಲಿ ಬ್ರಿಟಿಷರ ಕಾಲದ ಹಳೇ ಎನ್‌ಫೀಲ್ಡ್ ರೈಫಲ್ಲನ್ನೇ 7.62 ಮಿ.ಮೀ. ಗುಂಡಿಗೆ ಹೊಂದಿಸಿ 2ಎ, ಆಮೇಲೆ 2ಎ1 ಅಂತ ಮಾಡಿದರು. ಚೌಕಾಕಾರದ ಮ್ಯಾಗಜಿನ್. ನೋಡೋಕೆ ಒರಟು. ಸೇನೆಗೆ, ಪೊಲೀಸರಿಗೆ ಕೆಲಸ ಮುಗಿದ ಮೇಲೆ ಅವು ಅಮೆರಿಕಕ್ಕೆ ಗುಜರಿ ಲೆಕ್ಕದಲ್ಲಿ ಹೋದವು. ಆಗ ಅಲ್ಲಿ ಅವನ್ನು ಮೂಸಿ ನೋಡಿದವರು ಕಡಿಮೆ. ಈಗ ಹುಡುಕಿಕೊಂಡು ಬರುತ್ತಾರೆ. ತಮಾಷೆ ಏನಂದ್ರೆ ಅದನ್ನು ಮಾಡಿದ ದೇಶದಲ್ಲಿ ನೀವೂ ನಾನೂ ಅದನ್ನು ಇಟ್ಟುಕೊಳ್ಳುವಂತಿಲ್ಲ, ಅದು ನಿಷೇಧಿತ ಬೋರ್, ಅಂದರೆ ಆ ಅಳತೆಯ ನಳಿಗೆ ಸಾಮಾನ್ಯ ಜನರಿಗೆ ಇಲ್ಲ.

ಇಲ್ಲಿಗೆ ನಾನು ಹೇಳಬೇಕಾದ ಮಾತು ಬಂತು. ಕೋವಿಯ ಬೆಲೆಯನ್ನು ಕೋವಿ ಮಾಡಿದವನಿಗಿಂತ ಜಾಸ್ತಿ ಕಾನೂನು ಮಾಡಿದವನು ಕಟ್ಟುತ್ತಾನೆ. ಯಾವ ಬಾಗಿಲು ಯಾವಾಗ ಮುಚ್ಚುತ್ತೆ ಅಂತ ಊಹಿಸಬಲ್ಲವನಿಗೆ ಮಾತ್ರ ಈ ಆಟದಲ್ಲಿ ಲಾಭ. ಹಾಗೆ ಊಹಿಸಬಲ್ಲವರನ್ನು ನಾನಂತೂ ನೋಡಿಲ್ಲ.

1907ರಲ್ಲಿ ಬ್ರಿಟಿಷರು ಇಂಡಿಯಾದಲ್ಲಿ .450 ಬೋರಿನ ರೈಫಲ್‌ಗಳನ್ನು ತಡೆದರು. ಆ ಗುಂಡು ಬ್ರಿಟಿಷ್ ಸೇನೆಯ ಹಳೇ ಮಾರ್ಟಿನಿ ಹೆನ್ರಿ ಬಂದೂಕುಗಳಿಗೆ ಸಿಕ್ಕಿ ದಂಗೆಗೆ ಬಳಕೆಯಾದೀತು ಅನ್ನೋ ಹೆದರಿಕೆ. ಆದರೆ ಹುಲಿ, ಆನೆ ಬೇಟೆಯ ದೊರೆಗಳು, ಮಹಾರಾಜರು ಸುಮ್ನೆ ಕೂರುತ್ತಾರಾ? ಲಂಡನ್ನಿನ ಕಂಪನಿಗಳು .465, .470 ಅಂತ ಹೊಸ ಬೋರ್ ಹುಟ್ಟಿಸಿದವು. ಒಂದು ಸರ್ಕಾರಿ ಆದೇಶದಿಂದ ಹುಟ್ಟಿದ ಆ ಜೋಡಿ ನಳಿಗೆ ರೈಫಲ್‌ಗಳು ಇವತ್ತು ಹರಾಜಿನಲ್ಲಿ ಮನೆ ಕಟ್ಟುವಷ್ಟು ದುಡ್ಡು ತರುತ್ತವೆ. ಅಮೆರಿಕದಲ್ಲಿ 1986ರ ಮೇ 19ರ ನಂತರ ತಯಾರಾದ ಮೆಷಿನ್ ಗನ್ ಖಾಸಗಿಯವರಿಗೆ ಸಿಗದಂತಾಯಿತು. ಅದಕ್ಕೆ ಮೊದಲೇ ನೋಂದಾಯಿಸಿದ್ದವುಗಳ ಬೆಲೆ ಹತ್ತಾರು ಸಾವಿರ ಡಾಲರ್‌ಗೆ ಹಾರಿತು. ಕಬ್ಬಿಣ ಅದೇ. ತಾರೀಖು ಮಾತ್ರ ಬೇರೆ.

ನಮ್ಮಲ್ಲೂ ಅಷ್ಟೇ. 1980ರ ದಶಕದ ಮಧ್ಯದಲ್ಲಿ ವಿದೇಶಿ ಪಿಸ್ತೂಲು, ರಿವಾಲ್ವರ್‌ಗಳ ಆಮದು ಸಾಮಾನ್ಯ ಜನರಿಗೆ ಹೆಚ್ಚುಕಡಿಮೆ ನಿಂತುಹೋಯಿತು. ಹಾಗಾಗಿ ಹೊರಗೆ ಕೆಲವು ನೂರು ಡಾಲರ್‌ಗೆ ಸಿಗುವ ಹಳೇ .32 ಬೋರಿನ ಜರ್ಮನಿಯ ವಾಲ್ಥರ್, ಇಂಗ್ಲೆಂಡಿನ ವೆಬ್ಲಿಗಳಿಗೆ ಇಲ್ಲಿ ಲಕ್ಷಗಟ್ಟಲೆ ಕೇಳುತ್ತಾರೆ. ಅದು ಕಲೆಯ ಬೆಲೆ ಅಲ್ಲ, ಬಾಗಿಲು ಮುಚ್ಚಿದ ಬೆಲೆ. ನಾಳೆ ಸರ್ಕಾರ ಆಮದು ತೆರೆದರೆ ಆ ಲಕ್ಷ ಕರಗೋಕೆ ಎಷ್ಟು ದಿನ ಬೇಕು? ಕೋಲ್ಟ್ ಕಂಪನಿಯ ಪೈಥಾನ್ ರಿವಾಲ್ವರ್ 1955ರಲ್ಲಿ ಬಂತು, ಈ ಶತಮಾನದ ಶುರುವಿನಲ್ಲಿ ನಿಂತಿತು, ಇನ್ನು ಬರಲ್ಲ ಅಂತ ಬೆಲೆ ಏರಿತು. 2020ರಲ್ಲಿ ಕಂಪನಿ ಹೊಸ ಪೈಥಾನ್ ತಂದೇಬಿಟ್ಟಿತು. ಹಳೆಯದರ ಮರ್ಯಾದೆ ಉಳಿದಿದೆ, ಆದರೆ ಸುಮ್ನೆ 'ಪೈಥಾನ್' ಅನ್ನೋ ಹೆಸರಿಗೇ ದುಡ್ಡು ಸುರಿಯುತ್ತಿದ್ದವರು ಅಂಗಡಿಗೆ ಹೋಗಿ ಹೊಸದನ್ನೇ ತಗೊಂಡರು.

ಕಾನೂನು ಬೆಲೆಯನ್ನು ಸೊನ್ನೆ ಮಾಡೋದೂ ಉಂಟು. ಇದಕ್ಕೆ ದೂರ ಹೋಗಬೇಕಾಗಿಲ್ಲ, ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ನೆನಪಿಸಿಕೊಳ್ಳಿ. ಮಹಾರಾಜರು ಹೊಡೆದ ಹುಲಿ, ಚಿರತೆಗಳ ಚರ್ಮವನ್ನು ಬೊಂಬೆಗೆ ಹೊದಿಸಿ ಜೀವ ಬಂದ ಹಾಗೆ ನಿಲ್ಲಿಸುತ್ತಿದ್ದ ಮನೆತನ. ಪ್ರಪಂಚಕ್ಕೆಲ್ಲ ಹೆಸರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಈಗ ಯಾರ ಮನೆಯಲ್ಲಾದರೂ ಅವರ ಕೈಕೆಲಸದ ಹುಲಿ ತಲೆ ಇದ್ದರೆ ಅದಕ್ಕೆ ಸರ್ಟಿಫಿಕೇಟ್ ಇರಬೇಕು, ಮಾರುವ ಮಾತೇ ಇಲ್ಲ. ಒಂದು ಕಾಲದ ಆಸ್ತಿ ಈಗ ಧೂಳು ಒರೆಸಬೇಕಾದ ಜವಾಬ್ದಾರಿ.

ಕೋವಿಗೂ ಸ್ವಲ್ಪ ಹಾಗೇ ಆಯಿತು. ಮೊದಲು ಒಬ್ಬರು ಮೂರು ಆಯುಧ ಇಟ್ಟುಕೊಳ್ಳಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಬಂದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಹಿರಿಯರಿಂದ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತೆ. ಮೂರಿದ್ದವರು ಒಂದು ವರ್ಷದೊಳಗೆ ಒಂದನ್ನು ಬಿಡಬೇಕಾಯಿತು. ರಿವಾಲ್ವರ್ ಯಾರೂ ಬಿಡಲಿಲ್ಲ. ಬಿಟ್ಟದ್ದೆಲ್ಲ ತಾತನ ಉದ್ದ ಕೋವಿ. ಒಳ್ಳೊಳ್ಳೆ ಬರ್ಮಿಂಗ್‌ಹ್ಯಾಂ ಕೋವಿಗಳು ಕೇಳೋರಿಲ್ಲದೆ ಕಂಬಕ್ಕೆ ಒರಗಿದ್ದನ್ನು ಆ ವರ್ಷ ನಾನು ಕಣ್ಣಾರೆ ನೋಡಿದೆ. ಹೊಟ್ಟೆ ಉರಿಯಿತು, ಆದರೆ ನನ್ನ ಲೈಸೆನ್ಸ್‌ನಲ್ಲೂ ಜಾಗ ಇರಲಿಲ್ಲ.

ಆದರೂ ಒಂದು ಊಹೆ ಹೇಳಿ ಅಂತ ನೀವು ಬಿಡಲ್ಲ, ಗೊತ್ತು. ಹೇಳುತ್ತೇನೆ.

2014ರಲ್ಲಿ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆಯಿಂದ 'ನಿರ್ಭೀಕ್' ಅಂತ ಒಂದು ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹ, .32 ಬೋರ್, ತೂಕ ಸುಮಾರು ಅರ್ಧ ಕೆಜಿ, ಆಗಿನ ಬೆಲೆ ₹1,22,360. 2012ರ ದೆಹಲಿಯ ನಿರ್ಭಯಾ ಅತ್ಯಾಚಾರ ಘಟನೆಯ ನಂತರ ಹೆಂಗಸರ ರಕ್ಷಣೆಗೆ ಅಂತ ಹೆಸರಿಟ್ಟರು. ಒಡವೆ ಪೆಟ್ಟಿಗೆಯಂಥ ಮೆರೂನ್ ಪೆಟ್ಟಿಗೆಯಲ್ಲಿ ಕೊಟ್ಟರು. ಆ ಪೆಟ್ಟಿಗೆ ನೋಡಿದಾಗಲೇ ನನಗೆ ಅನುಮಾನ ಬಂತು. ಇದರ ಹಿಂದೆ ಒಂದು ಕಾಲದ ಕಥೆ ಇದೆ, ಅದು ಒಳ್ಳೇದು. ಆದರೆ ಅಷ್ಟು ಬೆಲೆ ಕೊಟ್ಟವನು ಅದನ್ನು ಬೀರುವಿನಿಂದ ತೆಗೆಯಲ್ಲ. ವಿಂಚೆಸ್ಟರ್ ಡಬ್ಬದ ಕಥೆಯೇ ಇನ್ನೊಂದು ಸಲ. ಮೊದಮೊದಲ ನಂಬರಿನದಾದರೆ ಮಾತು ಬೇರೆ.

ನನ್ನ ಊಹೆ ಅದಕ್ಕಿಂತ ಬಡವರ ರಿವಾಲ್ವರ್ ಮೇಲಿದೆ: ಕಾನ್ಪುರದ ಸಾದಾ .32, ಮಧ್ಯದಲ್ಲಿ ಮುರಿದು ಗುಂಡು ತುಂಬುವಂಥದ್ದು. ಹಳೇ ವೆಬ್ಲಿಯ ಮಗು ಅದು. ಮೂತಿ ಕೆಳಗೆ ಬಾಗಿಸಿದರೆ ಆರೂ ಖಾಲಿ ಕೊಳವೆ ಒಟ್ಟಿಗೆ ಮೇಲೆದ್ದು ಬರುತ್ತವೆ. ಹೊರದೇಶಗಳಲ್ಲಿ ಈ ರಚನೆ ಕೈಬಿಟ್ಟು ಎಷ್ಟೋ ದಶಕ ಆಯಿತು. ನಮ್ಮ ಸರ್ಕಾರಿ ಕಾರ್ಖಾನೆ ಮಾತ್ರ ಮಾಡುತ್ತಲೇ ಬಂತು. 2023ರಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಬಂತು, ಅದರಲ್ಲಿ ಗುಂಡು ತುಂಬುವ ಚಕ್ರ ಪಕ್ಕಕ್ಕೆ ತೆರೆದುಕೊಳ್ಳುತ್ತೆ. ಜನ ನಿಧಾನಕ್ಕೆ ಆ ಕಡೆ ಹೋಗುತ್ತಾರೆ. ಇನ್ನೊಂದು ವಿಷಯ. 2021ರ ಅಕ್ಟೋಬರ್ 1ಕ್ಕೆ ಸರ್ಕಾರಿ ಆಯುಧ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡನ್ನೇ ಮುಚ್ಚಿ ಏಳು ಕಂಪನಿ ಮಾಡಿದರು. ಅದಕ್ಕೂ ಮುಂಚಿನ ಕಾಲದ್ದು ಅನ್ನೋದೇ ಮುಂದೊಂದು ದಿನ '64ಕ್ಕೂ ಮೊದಲಿನದು' ಅನ್ನುವ ಥರದ ಮಾತಾಗಬಹುದು. ವೆಬ್ಲಿ ಹೆಸರಿನ ರಿವಾಲ್ವರ್ ಈಗ ಉತ್ತರ ಪ್ರದೇಶದ ಹರ್ದೋಯಿಯಲ್ಲೂ ತಯಾರಾಗುತ್ತೆ. ಅದರ ಮೇಲೆ ನಾನು ದುಡ್ಡು ಕಟ್ಟಲ್ಲ, ಹೆಸರಿಗೆ ಬೆಲೆ ಮೊದಲೇ ಕೊಟ್ಟಾಗಿರುತ್ತೆ.

ಹೊರದೇಶದ ಓದುಗರಾಗಿದ್ದರೆ ಮೊದಲ ಕಾಲದ ಗ್ಲಾಕ್ ಹುಡುಕಿ ಅಂತಿದ್ದೆ. 1982ರಲ್ಲಿ ಆಸ್ಟ್ರಿಯಾ ಸೇನೆ ಒಪ್ಪಿಕೊಂಡ ಪ್ಲಾಸ್ಟಿಕ್ ಮೈಯ ಪಿಸ್ತೂಲು. ಆಗ ಅದನ್ನು ಆಟಿಕೆ ಅಂತ ನಕ್ಕರು. ಅಡುಗೆಮನೆಯ ಡಬ್ಬದಂಥ ಪ್ಲಾಸ್ಟಿಕ್ ಡಬ್ಬದಲ್ಲಿ ಬರುತ್ತಿತ್ತು, ಡಬ್ಬವನ್ನು ಯಾರೂ ಇಟ್ಟುಕೊಳ್ಳಲಿಲ್ಲ. ಈಗ ಆ ಡಬ್ಬ ಇದ್ದರೆ ಬೆಲೆ ಜಾಸ್ತಿ.

ಆದರೆ ಇದೆಲ್ಲ ಲಾಭದ ಮಾತಲ್ಲ ಸ್ವಾಮಿ. ಲೆಕ್ಕ ಹಾಕಿ. ಒಂದೂವರೆ ಲಕ್ಷವನ್ನು ಬ್ಯಾಂಕಿನಲ್ಲಿ ವರ್ಷಕ್ಕೆ ನೂರಕ್ಕೆ 7ರಂತೆ ಚಕ್ರಬಡ್ಡಿಗೆ 20 ವರ್ಷ ಇಟ್ಟರೆ ಹತ್ತಿರ ಹತ್ತಿರ ₹5,80,000 ಆಗುತ್ತೆ. ರಿವಾಲ್ವರ್ ಅಷ್ಟಕ್ಕೆ ಹೋಗಬೇಕು, ಮೇಲೆ ಲೈಸೆನ್ಸ್ ನವೀಕರಣದ ಖರ್ಚು, ಓಡಾಟ. ಮಾರುವಾಗ ಲೈಸೆನ್ಸ್ ಇರುವವನಿಗೇ ಮಾರಬೇಕು, ಅವನ ಲೈಸೆನ್ಸ್‌ನಲ್ಲೂ ಜಾಗ ಇರಬೇಕು. ಖಾಸಗಿಯಾಗಿ ಮಾರುವುದಾದರೆ ಕೊಳ್ಳುವವನ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಎಮ್ಮೆ ಮಾರಿದ ಹಾಗಲ್ಲ. ಜೊತೆಗೆ ನಿಮ್ಮದು ಬೆಳೆ ಕಾಯುವ ಲೈಸೆನ್ಸ್. ಹಂದಿ ಓಡಿಸೋಕೆ ಕೊಟ್ಟದ್ದಕ್ಕೆ ರಿವಾಲ್ವರ್ ಸೇರಿಸಿ ಅಂದರೆ, ಯಾಕೆ ಅಂತ ಡಿಸಿ ಆಫೀಸಿನಲ್ಲಿ ಕೇಳೇ ಕೇಳುತ್ತಾರೆ. 20 ವರ್ಷ ಬಿಟ್ಟು ಮಾರೋಕೆ ಅಂತ ಹೇಳೋಕಾಗುತ್ತಾ?

ಚುನಾವಣೆ ಬಂದಾಗ ಠಾಣೆಗೆ ಡಿಪಾಸಿಟ್ ಮಾಡೋ ಕಷ್ಟವನ್ನು ನಿಮಗೆ ಹೇಳಬೇಕಾಗಿಲ್ಲ. ನನ್ನ ಕೈಗೆ ರಿಪೇರಿಗೆ ಬಂದ ಒಂದು ಕೋವಿಗೆ ಠಾಣೆಯ ಮೂಲೆಯಲ್ಲಿ ಎರಡು ತಿಂಗಳು ನಿಂತು, ಪಕ್ಕದ ಕೋವಿಯ ಟ್ರಿಗರ್ ಗಾರ್ಡ್ ತಾಗಿ ಮರದಲ್ಲಿ ಬೆರಳುದ್ದ ಗಾಯ ಆಗಿತ್ತು. ಡಬ್ಬ ಒಡೆಯದ ರಿವಾಲ್ವರ್ ಕೂಡ ಹೀಗೆ ಎಷ್ಟು ಚುನಾವಣೆ ನೋಡಬೇಕು, ಯೋಚಿಸಿ. ಕೊಡುವಾಗ ಎಣ್ಣೆ ಸವರಿ, ಹತ್ತಿ ಬಟ್ಟೆ ಸುತ್ತಿ, ಎಲ್ಲ ಕಡೆ ಫೋಟೊ ತೆಗೆದು, ನಂಬರ್ ಬರೆದ ರಸೀದಿ ತಗೊಳ್ಳಿ. ಮನೆಯಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದುಕೊಳ್ಳುತ್ತೆ.

ನಿಮ್ಮ ಮನೆಯಲ್ಲಿ ಬೆಲೆ ಇರೋದು ಇದ್ದರೆ ಅದು ತಾತನ ಕೋವಿಯಲ್ಲೇ. ಬಿಚ್ಚೋಕೆ ಬರುವವರ ಕೈಯಲ್ಲಿ, ಖಾಲಿ ಇದೆ ಅಂತ ಎರಡು ಸಲ ನೋಡಿ, ನಳಿಗೆ ಬಿಡಿಸಿ ತಲೆಕೆಳಗು ಮಾಡಿ. ಅಡಿಯ ಚಪ್ಪಟೆ ಜಾಗದಲ್ಲಿ ಚಿಕ್ಕ ಮುದ್ರೆಗಳು ಇರುತ್ತವೆ. ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಅಂತ ಇಂಗ್ಲಿಷ್ ಅಕ್ಷರ ಇದ್ದರೆ 1904ರ ನಂತರ ಬರ್ಮಿಂಗ್‌ಹ್ಯಾಂನಲ್ಲಿ ಪರೀಕ್ಷೆ ಆದದ್ದು. ಎನ್.ಪಿ. ಅಂದರೆ ಹೊಗೆ ಇಲ್ಲದ ಮದ್ದಿಗೆ ಪಾಸಾಗಿದೆ ಅಂತ. ಅದು ಇಲ್ಲದಿದ್ದರೆ ಈಗಿನ ತೋಟಾ ಹಾಕಲೇಬೇಡಿ. ಇದ್ದರೂ ತೋಟಾ ಕೂರುವ ಗೂಡಿನ ಉದ್ದ ಅಳೆಸಿ. ಹಳೇ ಕೋವಿಗಳಲ್ಲಿ ಅದು ಎರಡೂವರೆ ಇಂಚು, ಅಂದರೆ 65 ಮಿ.ಮೀ. ಇರುತ್ತೆ. 70 ಮಿ.ಮೀ. ತೋಟಾ ಅದರೊಳಗೆ ಆರಾಮಾಗಿ ಕೂರುತ್ತೆ, ಮೋಸ ಅಲ್ಲೇ ಇರೋದು. ಸಿಡಿದಾಗ ತೋಟಾದ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ.

ಆಮೇಲೆ ಕಾಗದ. ಕಾಗದದ ಬೆಲೆ ತಿಳಿಯಬೇಕಾದರೆ ನಿಮ್ಮ ಪಕ್ಕದ ಶ್ರೀರಂಗಪಟ್ಟಣ ನೋಡಿ. ಟಿಪ್ಪು ಕಾಲದಲ್ಲಿ ಅಲ್ಲಿ ಮಾಡಿದ ಕೋವಿಗಳು ಆಗಿನ ಮಟ್ಟಿಗೆ ಹೊಸ ಮಾಡೆಲ್, ಯುರೋಪಿನ ಚಕಮಕಿ ಕೋವಿಯ ಥರದವು. 1799ರ ಮೇ 4ರಂದು ಕೋಟೆ ಬಿದ್ದಾಗ ಸಿಕ್ಕಸಿಕ್ಕವರು ಹೊತ್ತುಕೊಂಡು ಹೋದರು. 2015ರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಅಂಥ ಒಂದು ಬೇಟೆ ಕೋವಿಗೆ ಏಳು ಲಕ್ಷ ಪೌಂಡ್‌ಗೂ ಜಾಸ್ತಿ ಬಂತು. ಅದರ ಮೇಲೆ ಹುಲಿ ಇತ್ತು, ವರ್ಷ ಇತ್ತು, ಅರಸನ ಆಯುಧಶಾಲೆಯದು ಅನ್ನೋದಕ್ಕೆ ಗುರುತು ಇತ್ತು. ಗುರುತಿಲ್ಲದ ಅದೇ ಕಾಲದ ಕೋವಿ ಬರೀ ಹಳೇ ಕೋವಿ. 1914ರಲ್ಲಿ ಕಲ್ಕತ್ತಾದ ರೋಡಾ ಕಂಪನಿಯ ಸರಕಿನಿಂದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಎತ್ತಿದರಲ್ಲ, ಅವುಗಳ ನಂಬರ್ ಕಂಪನಿಯ ಪುಸ್ತಕದಲ್ಲಿತ್ತು. ಎಲ್ಲೋ ಒಂದು ಮೌಸರ್ ಸಿಕ್ಕಿದಾಗ ಇದು ಆ ಐವತ್ತರಲ್ಲಿ ಒಂದು ಅಂತ ಪೊಲೀಸರಿಗೆ ಹೇಳೋಕಾದದ್ದು ಆ ಪುಸ್ತಕದಿಂದ.

ಅದಕ್ಕೇ ಅಟ್ಟ ಹತ್ತಿ. ತಾತನ ಹಳೇ ಲೈಸೆನ್ಸ್ ಪುಸ್ತಕ, ಕೋವಿ ಕೊಂಡ ಅಂಗಡಿಯ ಬಿಲ್ಲು, ಕೋವಿ ಹಿಡಿದು ನಿಂತ ಫೋಟೊ, ಖಾಲಿ ತೋಟಾ ಡಬ್ಬ, ನಳಿಗೆ ತೊಳೆಯುವ ಕಡ್ಡಿ, ಯಾವುದು ಸಿಕ್ಕರೂ ಎಸೆಯಬೇಡಿ. ಇವಕ್ಕೆ ಲೈಸೆನ್ಸೂ ಬೇಡ. ಡಬ್ಬದಲ್ಲಿ ಗುಂಡು ಇದ್ದರೆ ಮಾತ್ರ ಬೇಕು, ನೋಡಿಕೊಳ್ಳಿ. ಕೋವಿಗೆ ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸಬಹುದು, ಆಗ ಯಾರೇ ಆಸೆ ತೋರಿಸಿದರೂ ಹೊರದೇಶಕ್ಕೆ ಕಳಿಸುವಂತಿಲ್ಲ.

ನಳಿಗೆ ಅಡಿಯ ಮುದ್ರೆಗಳ ಫೋಟೊ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಹತ್ತಿರದಿಂದ ತೆಗೆದು ಕಳಿಸಿ. ನಳಿಗೆಗಳ ಮಧ್ಯದ ಪಟ್ಟಿಯ ಮೇಲಿನ ಹೆಸರು ಓದೋಕೆ ಆಗದಿದ್ದರೆ ಉಜ್ಜಬೇಡಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಸವರಿದರೆ ಅಕ್ಷರ ಕಾಣುತ್ತೆ.